ಕೋಡಿಂಗ್ ಸಂದರ್ಶನದ 45 ನಿಮಿಷ: ಸಮಯದ ಒತ್ತಡವನ್ನು ನಿಭಾಯಿಸುವ ಸಮಗ್ರ ಮಾರ್ಗದರ್ಶಿ

ಕೋಡಿಂಗ್ ಸಂದರ್ಶನದಲ್ಲಿ ಸಮಯ ಸಾಲದೆ ಹೊರಬಂದವರನ್ನು ಕೇಳಿದರೆ, ಅನೇಕರು ಪ್ರಶ್ನೆ ಕಠಿಣವಾಗಿತ್ತೆಂದೋ ತಮ್ಮ ಕೈ ನಿಧಾನವೆಂದೋ ಹೇಳುತ್ತಾರೆ. ಆದರೆ ಇಂಥ ಸಂದರ್ಶನಗಳಲ್ಲಿ ಬರೆಯಬೇಕಾದ ಕೋಡ್ ಸಾಮಾನ್ಯವಾಗಿ ಕೆಲವು ಹತ್ತು ಸಾಲುಗಳನ್ನು ಮೀರುವುದಿಲ್ಲ. ಏನು ಬರೆಯಬೇಕೆಂಬುದು ಖಚಿತವಾಗಿದ್ದರೆ ಅದಕ್ಕೆ 15 ನಿಮಿಷ ಸಾಕು. ಸಮಯ ಸೋರಿಹೋಗುವುದು ಬೇರೆ ಎರಡು ಕಡೆಗಳಲ್ಲಿ. ಮೊದಲನೆಯದು, ಹಿಡಿದ ದಾರಿ ತಪ್ಪೆಂದು ಅರೆಮನಸ್ಸಿಗೆ ತಿಳಿದಿದ್ದರೂ ಅದನ್ನು ಬಿಡಲಾಗದೆ ಕಳೆಯುವ ಹೊತ್ತು. ಎರಡನೆಯದು, ಬಗ್ ಕಾಣಿಸಿಕೊಂಡಾಗ ಒಂದು ಕಡೆ ಕೂಡಿಸಿ, ಇನ್ನೊಂದು ಕಡೆ ಕಳೆದು, ಏನಾದರೂ ಆಗಬಹುದೆಂದು ಕೋಡನ್ನು ಅಲ್ಲಾಡಿಸುತ್ತ ಕಳೆಯುವ ಹೊತ್ತು. ಇವೆರಡೂ ವೇಗಕ್ಕಿಂತ ಹೆಚ್ಚಾಗಿ ನಿರ್ಧಾರಕ್ಕೆ ಸಂಬಂಧಿಸಿದ ತೊಡಕುಗಳು. ಆದ್ದರಿಂದ ಯಾವ ಕೆಲಸವನ್ನು ಎಷ್ಟು ಹೊತ್ತಿಗೆ ನಿಲ್ಲಿಸಬೇಕು, ನಿಲ್ಲಿಸಿದ ಮೇಲೆ ಮುಂದೇನು ಮಾಡಬೇಕು ಎಂಬುದನ್ನು ಸಂದರ್ಶನಕ್ಕೆ ಮುಂಚೆಯೇ ನಿಶ್ಚಯಿಸಿಕೊಂಡು, ಒಳಗೆ ಹೋದ ಮೇಲೆ ಅದನ್ನು ಪಾಲಿಸುವುದಷ್ಟೇ ಉಳಿಯುವಂತೆ ಸಿದ್ಧರಾಗುವುದು ಹೇಗೆಂದು ಇಲ್ಲಿ ಹಂತ ಹಂತವಾಗಿ ವಿವರಿಸಲಾಗಿದೆ.

ಮೊದಲು ತಿಳಿದಿರಬೇಕಾದ ಒಂದು ಸಂಗತಿ

2020ರಲ್ಲಿ ನಾರ್ತ್ ಕ್ಯಾರೊಲಿನಾ ಸ್ಟೇಟ್ ವಿಶ್ವವಿದ್ಯಾಲಯ ಮತ್ತು ಮೈಕ್ರೋಸಾಫ್ಟ್‌ನ ಸಂಶೋಧಕರು 48 ಮಂದಿ ಕಂಪ್ಯೂಟರ್ ವಿಜ್ಞಾನದ ವಿದ್ಯಾರ್ಥಿಗಳ ಮೇಲೆ ನಡೆಸಿದ ಅಧ್ಯಯನವೊಂದನ್ನು ಪ್ರಕಟಿಸಿದರು. ಒಂದು ಗುಂಪು ಸಂದರ್ಶಕರ ಎದುರಿನಲ್ಲಿ, ತನ್ನ ಯೋಚನೆಯನ್ನು ಬಾಯಿಬಿಟ್ಟು ಹೇಳುತ್ತ, ವೈಟ್‌ಬೋರ್ಡ್ ಮೇಲೆ ಸಮಸ್ಯೆ ಬಿಡಿಸಿತು. ಇನ್ನೊಂದು ಗುಂಪು ಅದೇ ಕೆಲಸವನ್ನು ಕೋಣೆಯಲ್ಲಿ ಒಂಟಿಯಾಗಿ ಮಾಡಿತು. ಇನ್ನೊಬ್ಬರು ನೋಡುತ್ತಿದ್ದಾರೆ ಎಂಬ ಕಾರಣದಿಂದಲೇ ಮೊದಲ ಗುಂಪಿನ ಸಾಧನೆ ಅರ್ಧಕ್ಕಿಂತ ಕೆಳಗಿಳಿದಿತ್ತು. ನೀವು ಮನೆಯಲ್ಲಿ ಒಬ್ಬರೇ ಕುಳಿತು 20 ನಿಮಿಷದಲ್ಲಿ ಬಿಡಿಸುವ ಪ್ರಶ್ನೆ ಸಂದರ್ಶನದಲ್ಲಿಯೂ 20 ನಿಮಿಷವನ್ನೇ ತೆಗೆದುಕೊಳ್ಳುತ್ತದೆ ಎಂದು ಲೆಕ್ಕ ಹಾಕಬಾರದು ಎನ್ನುವುದು ಇದರಿಂದ ತಿಳಿಯುತ್ತದೆ. ಗಾಬರಿಯಲ್ಲಿರುವಾಗ ಮೊದಲು ಕುಸಿಯುವುದು ಏಕಕಾಲಕ್ಕೆ ಹಲವು ವಿಷಯಗಳನ್ನು ತಲೆಯಲ್ಲಿ ಹಿಡಿದಿಟ್ಟುಕೊಳ್ಳುವ ಶಕ್ತಿ. ಹೀಗಾಗಿ ಮುಂದೆ ಹೇಳಿರುವ ಕ್ರಮಗಳಲ್ಲಿ ಹಲವು, ತಲೆಯೊಳಗಿನ ಭಾರವನ್ನು ಪರದೆಯ ಮೇಲಕ್ಕೋ ಹಾಳೆಯ ಮೇಲಕ್ಕೋ ಇಳಿಸುವ ಉಪಾಯಗಳೇ ಆಗಿವೆ.

ಹಂತ 1: ಗಡಿಯಾರವನ್ನು ಮೊದಲೇ ಹಂಚಿಡಿ

45 ನಿಮಿಷದ ಸಂದರ್ಶನದಲ್ಲಿ ನಿಮ್ಮ ಕೈಗೆ 45 ನಿಮಿಷ ಸಿಗುವುದಿಲ್ಲ. ಪರಸ್ಪರ ಪರಿಚಯಕ್ಕೆ ಐದು ನಿಮಿಷ, ಕೊನೆಗೆ ನೀವು ಪ್ರಶ್ನೆ ಕೇಳುವುದಕ್ಕೆ ಐದು ನಿಮಿಷ ಹೋದರೆ ಉಳಿಯುವುದು 35. ಅದರಲ್ಲಿ ಪ್ರಶ್ನೆಯನ್ನು ಅರ್ಥ ಮಾಡಿಕೊಳ್ಳಲು 5, ಪರಿಹಾರದ ದಾರಿಯನ್ನು ಕಂಡುಕೊಂಡು ಸಂದರ್ಶಕರ ಒಪ್ಪಿಗೆ ಪಡೆಯಲು 7, ಕೋಡ್ ಬರೆಯಲು 15, ಪರೀಕ್ಷಿಸಲು 5 ಎಂದಿಟ್ಟುಕೊಂಡರೆ ಮೂರು ನಿಮಿಷ ಕೈಯಲ್ಲಿ ಉಳಿಯುತ್ತದೆ. ಈ ಅಂಕಿಗಳನ್ನು ಒಂದೆರಡು ನಿಮಿಷ ಆಚೀಚೆ ಮಾಡಿಕೊಂಡರೆ ತೊಂದರೆಯಿಲ್ಲ. ಆದರೆ 12ನೆಯ ನಿಮಿಷಕ್ಕೆ ಕೋಡ್ ಆರಂಭವಾಗಿರಬೇಕು ಮತ್ತು 27ನೆಯ ನಿಮಿಷಕ್ಕೆ ಹೊಸದಾಗಿ ಬರೆಯುವುದು ನಿಂತಿರಬೇಕು ಎಂಬ ಎರಡು ಗುರುತುಗಳನ್ನು ಮಾತ್ರ ಬಿಗಿಯಾಗಿ ಇಟ್ಟುಕೊಳ್ಳುವುದು ಒಳ್ಳೆಯದು.

ಪ್ರಶ್ನೆ ಕೈಗೆ ಬಂದ ಕ್ಷಣದಲ್ಲಿ ಈ ಗುರುತುಗಳನ್ನು ಗಡಿಯಾರದ ಸಮಯವಾಗಿಯೇ ಹಾಳೆಯ ಮೂಲೆಯಲ್ಲಿ ಬರೆದಿಡಿ. ಪ್ರಶ್ನೆ 10:05ಕ್ಕೆ ಆರಂಭವಾದರೆ ‘ಕೋಡ್ 10:17, ಪರೀಕ್ಷೆ 10:32, ಮುಕ್ತಾಯ 10:40’ ಎಂದು ಬರೆದರೆ ಮುಗಿಯಿತು. ಎಷ್ಟು ಹೊತ್ತಾಯಿತು, ಇನ್ನೆಷ್ಟು ಉಳಿದಿದೆ ಎಂದು ನಡುನಡುವೆ ಕೂಡಿ ಕಳೆಯುವುದು ಸಣ್ಣ ಕೆಲಸವೆನಿಸಿದರೂ ಯೋಚನೆಯ ಎಳೆಯನ್ನು ಪ್ರತಿಸಲವೂ ಕತ್ತರಿಸುತ್ತದೆ.

ಒಂದೇ ಪ್ರಶ್ನೆಯೋ ಎರಡೋ ಎಂಬುದನ್ನು ಆರಂಭದಲ್ಲೇ ಕೇಳಿಬಿಡಿ; ಇದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ. ಎರಡು ಇದ್ದರೆ ಮೊದಲನೆಯದು ಸಾಮಾನ್ಯವಾಗಿ ಸುಲಭದ್ದಾಗಿರುತ್ತದೆ, ಅದರ ಮೇಲೆ 15 ನಿಮಿಷಕ್ಕಿಂತ ಹೆಚ್ಚು ಕಳೆಯಬಾರದು. 60 ನಿಮಿಷದ ಸಂದರ್ಶನವಾದರೆ ಸಿಗುವ ಹೆಚ್ಚುವರಿ ಹೊತ್ತನ್ನು ದಾರಿ ಹುಡುಕಲು ಮತ್ತು ಪರೀಕ್ಷಿಸಲು ಕೊಡಿ. ಕೋಡ್ ಬರೆಯುವ ಹೊತ್ತನ್ನು ಹಿಗ್ಗಿಸಿದರೆ ಕೋಡ್ ಕೂಡ ಹಿಗ್ಗುತ್ತದೆ.

ಹಂತ 2: ಮೊದಲ ಐದು ನಿಮಿಷವನ್ನು ಉಳಿಸಲು ಹೋಗಬೇಡಿ

ಸಮಯ ಕಡಿಮೆಯಿದೆಯೆಂಬ ಅವಸರದಲ್ಲಿ ಎಲ್ಲರೂ ಮೊಟಕುಗೊಳಿಸುವುದು ಈ ಭಾಗವನ್ನೇ, ಅತಿ ಹೆಚ್ಚು ನಷ್ಟವಾಗುವುದೂ ಇಲ್ಲಿಯೇ. ಒಂದು ಉದಾಹರಣೆಯನ್ನು ಕೂಲಂಕಷವಾಗಿ ನೋಡೋಣ. ಪೂರ್ಣಾಂಕಗಳ ಒಂದು ಅರೇ (ಸಾಲಾಗಿ ಜೋಡಿಸಿದ ಪಟ್ಟಿ) ಮತ್ತು ‘ಕೆ’ ಎಂಬ ಸಂಖ್ಯೆಯನ್ನು ಕೊಟ್ಟು, ಮೊತ್ತ ಸರಿಯಾಗಿ ಕೆ ಆಗುವ, ಪಕ್ಕಪಕ್ಕದ ಅಂಶಗಳ ತುಂಡುಗಳಾದ ಸಬ್‌ಅರೇಗಳು ಎಷ್ಟಿವೆ ಎಂದು ಕೇಳಿದ್ದಾರೆ ಎಂದುಕೊಳ್ಳಿ. ಸಬ್‌ಅರೇ ಎಂದ ಕೂಡಲೇ ಅಭ್ಯಾಸಬಲದಿಂದ ಸ್ಲೈಡಿಂಗ್ ವಿಂಡೋ ನೆನಪಾಗುತ್ತದೆ: ಬಲತುದಿಯನ್ನು ಮುಂದಕ್ಕೆ ಒಯ್ಯುವುದು, ಮೊತ್ತ ಕೆ ಮೀರಿದಾಗ ಎಡತುದಿಯನ್ನು ಸರಿಸುವುದು, ಸಮವಾದಾಗ ಎಣಿಸುವುದು. ಅರೇಯಲ್ಲಿ ಬರೀ ಧನ ಸಂಖ್ಯೆಗಳಿದ್ದರೆ ಇದು ಸರಿಯಾಗಿ ನಡೆಯುತ್ತದೆ, ಏಕೆಂದರೆ ಬಲಕ್ಕೆ ಹೋದಂತೆ ಮೊತ್ತ ಏರುತ್ತದೆ, ಎಡದಿಂದ ಬಿಟ್ಟಂತೆ ಇಳಿಯುತ್ತದೆ. ಋಣ ಸಂಖ್ಯೆಗಳು ಬಂದರೆ ಈ ಆಧಾರವೇ ಕುಸಿಯುತ್ತದೆ. ಅರೇ 1, -1, 2 ಎಂದೂ ಕೆ 2 ಎಂದೂ ಇಟ್ಟುಕೊಳ್ಳಿ. ಮೊತ್ತ ಕ್ರಮವಾಗಿ 1, 0, 2 ಆಗುತ್ತದೆ; ಕೊನೆಯಲ್ಲಿ ಒಂದು ಸಲ ಎಣಿಕೆ ಸಿಗುತ್ತದೆ, ಅಷ್ಟಕ್ಕೆ ಮುಗಿಯುತ್ತದೆ. ಆದರೆ ಸರಿಯಾದ ಉತ್ತರ ಎರಡು, ಏಕೆಂದರೆ ಕೊನೆಯ 2 ಒಂಟಿಯಾಗಿಯೂ ಒಂದು ಸಬ್‌ಅರೇ.

‘ಸಂಖ್ಯೆಗಳು ಋಣವೂ ಆಗಿರಬಹುದೇ?’ ಎಂಬ ಒಂದು ಪ್ರಶ್ನೆಯನ್ನು ಎರಡನೆಯ ನಿಮಿಷದಲ್ಲಿ ಕೇಳಿದ ಅಭ್ಯರ್ಥಿ ಸ್ಲೈಡಿಂಗ್ ವಿಂಡೋವನ್ನು ಅಲ್ಲಿಯೇ ಕೈಬಿಟ್ಟು ಪ್ರಿಫಿಕ್ಸ್ ಸಮ್ (ಮೊದಲಿನಿಂದ ಪ್ರತಿ ಸ್ಥಾನದವರೆಗಿನ ಮೊತ್ತ) ಕಡೆಗೆ ತಿರುಗುತ್ತಾರೆ. ಕೇಳದವರು 25ನೆಯ ನಿಮಿಷದಲ್ಲಿ, ಬರೆದು ಮುಗಿಸಿದ ಕೋಡನ್ನು ಎದುರಿಗಿಟ್ಟುಕೊಂಡು, ಅದನ್ನು ಹೇಗಾದರೂ ಉಳಿಸಿಕೊಳ್ಳಲು ಒಂದರ ಮೇಲೊಂದು ಷರತ್ತು ಸೇರಿಸುತ್ತಿರುತ್ತಾರೆ.

ಹೀಗೆ ಕೇಳಬೇಕಾದ ಪ್ರಶ್ನೆಗಳ ಪಟ್ಟಿ ಬಹಳ ಉದ್ದವಾಗಿರಬೇಕಿಲ್ಲ. ಇನ್‌ಪುಟ್ ಎಷ್ಟು ದೊಡ್ಡದಿರಬಹುದು, ಖಾಲಿ ಇರಬಹುದೇ, ಋಣ ಸಂಖ್ಯೆಗಳೂ ಪುನರಾವರ್ತಿತ ಅಂಶಗಳೂ ಇವೆಯೇ, ಮೊದಲೇ ಸಾರ್ಟ್ ಆಗಿದೆಯೇ, ಉತ್ತರ ಸಿಗದಿದ್ದರೆ ಏನನ್ನು ಹಿಂತಿರುಗಿಸಬೇಕು ಎಂಬಷ್ಟನ್ನು ಕೇಳಿದರೆ ಬಹುತೇಕ ಸಂದರ್ಭಗಳಲ್ಲಿ ಸಾಕು. ಉತ್ತರಗಳನ್ನು ಎಡಿಟರ್‌ನ ಮೇಲ್ಭಾಗದಲ್ಲಿ ಕಾಮೆಂಟ್ ಆಗಿ ಬರೆದಿಟ್ಟು, ಸಂದರ್ಶಕರು ಕೊಟ್ಟ ಉದಾಹರಣೆಯ ಜೊತೆಗೆ ನಿಮ್ಮದೇ ಆದ ಒಂದು ಚಿಕ್ಕ ಉದಾಹರಣೆಯನ್ನೂ ಅದರ ಉತ್ತರದೊಂದಿಗೆ ಸೇರಿಸಿ. ಈ ಚಿಕ್ಕ ಉದಾಹರಣೆ ಮುಂದೆ ಪರೀಕ್ಷೆಯ ಹಂತದಲ್ಲಿ ಬಹಳ ಕೆಲಸಕ್ಕೆ ಬರುತ್ತದೆ.

ಹಂತ 3: ಇನ್‌ಪುಟ್ ಗಾತ್ರದಿಂದ ದಾರಿಯನ್ನು ಊಹಿಸಿ

ಸಿ++ ಅಥವಾ ಜಾವಾದಲ್ಲಿ ಒಂದು ಸೆಕೆಂಡಿಗೆ ಅಂದಾಜು 10 ಕೋಟಿ ಸರಳ ಕ್ರಿಯೆಗಳು ನಡೆಯುತ್ತವೆ, ಪೈಥಾನ್‌ನಲ್ಲಿ ಅದರ ಹತ್ತನೆಯ ಒಂದು ಭಾಗದಷ್ಟು ಎಂಬ ಒರಟು ಲೆಕ್ಕವನ್ನು ನೆನಪಿನಲ್ಲಿಟ್ಟುಕೊಂಡರೆ, ಹಲವು ದಾರಿಗಳನ್ನು ಪ್ರಯತ್ನಿಸದೆಯೇ ತಳ್ಳಿಹಾಕಬಹುದು. ಅಂಶಗಳ ಸಂಖ್ಯೆ 20ರ ಒಳಗಿದ್ದರೆ ಎಲ್ಲ ಉಪಗಣಗಳನ್ನೂ ಪರಿಶೀಲಿಸುವುದು ಸಾಧ್ಯ, ಏಕೆಂದರೆ 20 ಅಂಶಗಳಿಗೆ ಉಪಗಣಗಳು ಸುಮಾರು 10.5 ಲಕ್ಷ ಮಾತ್ರ. 5,000ದವರೆಗೆ ಇದ್ದರೆ ಒಂದರೊಳಗೊಂದು ಎರಡು ಲೂಪ್‌ಗಳ ಪರಿಹಾರ 2.5 ಕೋಟಿ ಕ್ರಿಯೆಗಳಲ್ಲಿ ಮುಗಿಯುತ್ತದೆ. 1 ಲಕ್ಷವಾದರೆ ಅದೇ ಎರಡು ಲೂಪ್‌ಗಳು 1,000 ಕೋಟಿ ಕ್ರಿಯೆಗಳನ್ನು ಕೇಳುತ್ತವೆ, ಅಂದರೆ ಆ ದಾರಿ ಮುಚ್ಚಿದಂತೆಯೇ. ಸಾರ್ಟ್ ಮಾಡುವುದು, ಹೀಪ್, ಬೈನರಿ ಸರ್ಚ್ (ಸಾರ್ಟ್ ಆದ ಪಟ್ಟಿಯನ್ನು ಪ್ರತಿಸಲ ಅರ್ಧಕ್ಕೆ ಇಳಿಸುತ್ತ ಹುಡುಕುವುದು), ಹ್ಯಾಶ್ ಮ್ಯಾಪ್ (ಬೇಕಾದ ಬೆಲೆಯನ್ನು ನೇರವಾಗಿ ಹುಡುಕಬಹುದಾದ ಕೋಷ್ಟಕ) ಅಥವಾ ಎರಡು ಪಾಯಿಂಟರ್‌ಗಳ ಕಡೆಗೆ ನೋಡಬೇಕು. ಈ ಲೆಕ್ಕವನ್ನು ಸಂದರ್ಶಕರಿಗೆ ಕೇಳುವಂತೆ ಹೇಳಿ. ಇಡೀ ಒಂದು ವರ್ಗದ ಪರಿಹಾರಗಳನ್ನು ಅರ್ಧ ನಿಮಿಷದಲ್ಲಿ ಬದಿಗಿಟ್ಟದ್ದು ನಿಮ್ಮ ಪರವಾಗಿಯೇ ದಾಖಲಾಗುತ್ತದೆ.

ಹಂತ 4: ಬ್ರೂಟ್ ಫೋರ್ಸ್ ಪರಿಹಾರವನ್ನು ಮೊದಲು ಬಾಯಲ್ಲಿ ಹೇಳಿ

ಅತ್ಯುತ್ತಮ ಪರಿಹಾರ ಹೊಳೆಯುವ ತನಕ ಮೌನವಾಗಿ ಕುಳಿತಿರುವುದು ಎರಡು ರೀತಿಯಲ್ಲಿ ದುಬಾರಿ. ಎದುರಿಗಿರುವವರಿಗೆ ನಿಮ್ಮ ಬಗ್ಗೆ ಬರೆದುಕೊಳ್ಳಲು ಏನೂ ಸಿಗುವುದಿಲ್ಲ, ನಿಮಗಾದರೋ ಕೈಯಲ್ಲಿ ಏನೂ ಇಲ್ಲವೆಂಬ ಭಯ ನಿಮಿಷ ನಿಮಿಷಕ್ಕೂ ಬೆಳೆಯುತ್ತದೆ. ಪ್ರಶ್ನೆ ಸ್ಪಷ್ಟವಾದ ಕೂಡಲೇ ಎಲ್ಲ ಸಾಧ್ಯತೆಗಳನ್ನೂ ಒಂದೊಂದಾಗಿ ನೋಡುವ ನೇರವಾದ ಪರಿಹಾರವನ್ನು (ಬ್ರೂಟ್ ಫೋರ್ಸ್) ಎರಡು ವಾಕ್ಯಗಳಲ್ಲಿ ಹೇಳಿ, ಅದರ ಸಮಯ ಎಷ್ಟೆಂದು ತಿಳಿಸಿ, ನಂತರ ಅದರಲ್ಲಿ ಮತ್ತೆ ಮತ್ತೆ ನಡೆಯುತ್ತಿರುವ ಕೆಲಸ ಯಾವುದು ಎಂದು ಹುಡುಕಿ. ಮೇಲಿನ ಉದಾಹರಣೆಯಲ್ಲಿ ಪ್ರತಿ ಆರಂಭಬಿಂದುವಿನಿಂದಲೂ ಮೊತ್ತವನ್ನು ಹೊಸದಾಗಿ ಕೂಡುತ್ತಿದ್ದೇವೆ. ಮೊದಲಿನಿಂದ ಇಲ್ಲಿಯವರೆಗಿನ ಮೊತ್ತವನ್ನು ಒಮ್ಮೆ ಇಟ್ಟುಕೊಂಡರೆ, ಅದಕ್ಕಿಂತ ಸರಿಯಾಗಿ ಕೆ ಕಡಿಮೆ ಇರುವ ಮೊತ್ತ ಹಿಂದೆ ಎಷ್ಟು ಸಲ ಬಂದಿತ್ತು ಎಂದು ಹ್ಯಾಶ್ ಮ್ಯಾಪ್‌ನಲ್ಲಿ ನೋಡಿದರೆ ಸಾಕು. ಒಳ್ಳೆಯ ಪರಿಹಾರ ಹೀಗೆ ಕೆಟ್ಟ ಪರಿಹಾರದ ಒಳಗಿನಿಂದಲೇ ಹುಟ್ಟುವುದು ಸಾಮಾನ್ಯ. ಶೂನ್ಯದಿಂದ ಅದು ಹೊಳೆಯಲಿ ಎಂದು ಕಾಯುವುದು ಅದೃಷ್ಟದ ಮೇಲೆ ಭಾರ ಹಾಕಿದಂತೆ.

12ನೆಯ ನಿಮಿಷಕ್ಕೂ ಉತ್ತಮ ದಾರಿ ಕಾಣದಿದ್ದರೆ? ‘ಸದ್ಯಕ್ಕೆ ಈ ನೇರ ಪರಿಹಾರವನ್ನು ಬರೆದು, ಸಮಯ ಉಳಿದರೆ ಸುಧಾರಿಸುತ್ತೇನೆ, ಆಗಬಹುದೇ?’ ಎಂದು ಕೇಳಿ ಬರೆಯಲು ತೊಡಗಿ. ಅರ್ಧಕ್ಕೆ ನಿಂತ ಜಾಣ ಪರಿಹಾರಕ್ಕಿಂತ ಪೂರ್ತಿಯಾಗಿ ಓಡುವ ಸಾಧಾರಣ ಪರಿಹಾರವೇ ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ. ಇದನ್ನು ಒಪ್ಪದ ಸಂದರ್ಶಕರೂ ಇದ್ದಾರೆ. ಆದರೆ ನೀವು ಮೇಲಿನಂತೆ ಕೇಳಿದಾಗ ಅಂಥವರು ‘ಬೇಡ, ಇನ್ನೂ ಸ್ವಲ್ಪ ಯೋಚಿಸಿ’ ಎಂದು ಹೇಳಿಬಿಡುತ್ತಾರೆ, ಆ ಮಾತಿನ ಜೊತೆಗೆ ಒಂದು ಸುಳಿವನ್ನೂ ಕೊಡುವುದುಂಟು.

ಹಂತ 5: ಕೋಡ್ ಬರೆಯುವಾಗ

ದಿನವೂ ಬಳಸುವ ಭಾಷೆಯಲ್ಲೇ ಬರೆಯಿರಿ. ಸಂಸ್ಥೆಯವರು ಬೇರೊಂದು ಭಾಷೆಯನ್ನು ಬಳಸುತ್ತಾರೆಂದು ಹಿಂದಿನ ವಾರವಷ್ಟೇ ಅದನ್ನು ಕಲಿತು ಹೋಗುವುದರಿಂದ ಸಮಯದ ಮಟ್ಟಿಗೆ ನಷ್ಟವೇ ಹೆಚ್ಚು. ಆ ಭಾಷೆಯಲ್ಲಿ ಹ್ಯಾಶ್ ಮ್ಯಾಪ್, ಕ್ಯೂ, ಹೀಪ್, ಸಾರ್ಟ್‌ಗೆ ಸ್ವಂತ ಹೋಲಿಕೆಯ ನಿಯಮ ಕೊಡುವುದು, ಸ್ಟ್ರಿಂಗ್ ಒಡೆಯುವುದು ಮತ್ತು ಜೋಡಿಸುವುದು ಇವಿಷ್ಟು ನೋಡದೆ ಬರೆಯಲು ಬರಬೇಕು.

ಮೊದಲು ಮುಖ್ಯ ಫಂಕ್ಷನ್‌ನ ಹಂದರವನ್ನು ಬರೆದು, ಒಳಗಿನ ಸಣ್ಣ ಕೆಲಸಗಳನ್ನು ಅರ್ಥಪೂರ್ಣ ಹೆಸರಿನ ಸಹಾಯಕ ಫಂಕ್ಷನ್‌ಗಳಿಗೆ ಬಿಟ್ಟು ಮುಂದುವರಿಯಿರಿ. ಒಂದು ಕೋಶ ಗ್ರಿಡ್‌ನ ಒಳಗಿದೆಯೇ ಎಂದು ನೋಡುವ ಫಂಕ್ಷನ್ ಅನ್ನು ಕೊನೆಯಲ್ಲಿ ತುಂಬಿದರೂ ನಡೆಯುತ್ತದೆ. ಸಮಯ ಮೀರಿದರೆ ಅದನ್ನು ಬಾಯಲ್ಲಿ ವಿವರಿಸಿದರೂ ನಿಮ್ಮ ಯೋಚನೆಯ ಸ್ವರೂಪ ಪೂರ್ಣವಾಗಿ ಕಾಣುತ್ತದೆ. ಪ್ರತಿ ಸಾಲನ್ನೂ ಓದಿ ಹೇಳುತ್ತ ಟೈಪ್ ಮಾಡುವ ಅಗತ್ಯವಿಲ್ಲ. ಒಂದು ತುಂಡನ್ನು ಆರಂಭಿಸುವ ಮುನ್ನ ಏನು ಮಾಡಲಿದ್ದೀರಿ ಎಂದು ಒಂದು ವಾಕ್ಯ ಹೇಳಿ, ನಂತರ ಸುಮ್ಮನೆ ಬರೆಯಿರಿ.

ಭಾಷೆಭಾಷೆಗೂ ಸಮಯ ತಿನ್ನುವ ಕೆಲವು ಗುಂಡಿಗಳಿವೆ. ಪೈಥಾನ್‌ನಲ್ಲಿ ಪಟ್ಟಿಯ ಮೊದಲ ಅಂಶವನ್ನು ತೆಗೆದಾಗಲೆಲ್ಲ ಉಳಿದ ಎಲ್ಲವೂ ಸರಿಯಬೇಕಾಗುತ್ತದೆ, ಆದ್ದರಿಂದ ಕ್ಯೂ ಬೇಕಾದಲ್ಲಿ ಡೆಕ್ (ಎರಡೂ ತುದಿಗಳಿಂದ ಸೇರಿಸಿ ತೆಗೆಯಬಹುದಾದ ಪಟ್ಟಿ) ಬಳಸಬೇಕು. ಅಲ್ಲದೆ ಅಲ್ಲಿ ಫಂಕ್ಷನ್ ತನ್ನನ್ನೇ ಕರೆದುಕೊಳ್ಳುವ ರಿಕರ್ಷನ್‌ನ ಪೂರ್ವನಿಗದಿತ ಮಿತಿ 1,000 ಆಗಿರುವುದರಿಂದ ಉದ್ದದ ಸರಪಳಿಯಂತಿರುವ ಮರದ (ಟ್ರೀ ಎಂಬ ದತ್ತಾಂಶ ರಚನೆಯ) ಮೇಲೆ ಸರಿಯಾದ ಕೋಡ್ ಕೂಡ ಕುಸಿಯಬಹುದು. ಜಾವಾ ಮತ್ತು ಸಿ++ನಲ್ಲಿ 32 ಬಿಟ್‌ನ ಪೂರ್ಣಾಂಕ 2,147,483,647 ದಾಟಿದರೆ ಲೆಕ್ಕ ಕೆಡುತ್ತದೆ. ಬೈನರಿ ಸರ್ಚ್‌ನಲ್ಲಿ ಎರಡು ತುದಿಗಳನ್ನು ಕೂಡಿ ಎರಡರಿಂದ ಭಾಗಿಸುವ ಸಾಲಿನಲ್ಲಿ ಅಡಗಿರುವುದು ಇದೇ ದೋಷ. ಅದು ಜಾವಾದ ಪ್ರಮಾಣಿತ ಲೈಬ್ರರಿಯಲ್ಲಿಯೇ ವರ್ಷಗಳ ಕಾಲ ಯಾರ ಕಣ್ಣಿಗೂ ಬೀಳದೆ ಇತ್ತೆಂದು, ಆ ಕೋಡ್ ಬರೆದಿದ್ದ ಜೋಶುವಾ ಬ್ಲಾಕ್ ಅವರೇ 2006ರಲ್ಲಿ ವಿವರಿಸಿದ್ದರು. ಕೆಳತುದಿಗೆ ಅಂತರದ ಅರ್ಧವನ್ನು ಕೂಡುವ ರೂಪವನ್ನೇ ಕೈಗೆ ರೂಢಿ ಮಾಡಿಸಿದರೆ ಇದರ ಬಗ್ಗೆ ಮತ್ತೆ ಯೋಚಿಸಬೇಕಾಗಿಲ್ಲ.

ಹಂತ 6: ಪರೀಕ್ಷೆ ಮತ್ತು ಬಗ್

ಬರೆದು ಮುಗಿದ ಕೂಡಲೇ ‘ಆಯಿತು’ ಎಂದು ಹೇಳಬೇಡಿ. ಆರಂಭದಲ್ಲಿ ಬರೆದಿಟ್ಟ ಚಿಕ್ಕ ಉದಾಹರಣೆಯನ್ನು ತೆಗೆದುಕೊಂಡು, ಬರೆಯಬೇಕೆಂದಿದ್ದ ಕೋಡ್ ಮೇಲಲ್ಲ, ಪರದೆಯ ಮೇಲೆ ನಿಜವಾಗಿ ಇರುವ ಕೋಡ್ ಮೇಲೆ, ವೇರಿಯೇಬಲ್‌ಗಳ ಬೆಲೆಯನ್ನು ಬರೆಯುತ್ತ ಡ್ರೈ ರನ್ ಮಾಡಿ. 1, -1, 2 ಮತ್ತು ಕೆ 2 ಎಂಬ ನಮ್ಮ ಉದಾಹರಣೆಯನ್ನೇ ಓಡಿಸೋಣ. ಹ್ಯಾಶ್ ಮ್ಯಾಪ್ ಖಾಲಿಯಾಗಿ ಆರಂಭವಾಗಿದೆ ಎಂದುಕೊಳ್ಳಿ. ಮೊದಲ ಮೊತ್ತ 1. ಅದಕ್ಕಿಂತ 2 ಕಡಿಮೆಯಾದ -1 ಮ್ಯಾಪ್‌ನಲ್ಲಿಲ್ಲ. 1 ಅನ್ನು ಸೇರಿಸುತ್ತೇವೆ. ಎರಡನೆಯ ಮೊತ್ತ 0. ಬೇಕಾದ -2 ಇಲ್ಲ. 0 ಅನ್ನು ಸೇರಿಸುತ್ತೇವೆ. ಮೂರನೆಯ ಮೊತ್ತ 2. ಬೇಕಾದ 0 ಒಂದು ಸಲ ಇದೆ. ಎಣಿಕೆ 1 ಎಂದು ಬಂತು, ಬರಬೇಕಾದದ್ದು 2. ತಪ್ಪಿಹೋದದ್ದು ಯಾವುದೆಂದು ನೋಡಿದರೆ, ಮೊದಲ ಅಂಶದಿಂದಲೇ ಆರಂಭವಾಗುವ ಸಬ್‌ಅರೇ. ಅಂದರೆ ಏನನ್ನೂ ಕೂಡುವ ಮೊದಲಿನ 0 ಎಂಬ ಮೊತ್ತವನ್ನು ಮ್ಯಾಪ್‌ನಲ್ಲಿ ಒಂದು ಸಲ ಬಂದಂತೆ ಮೊದಲೇ ಹಾಕಿಡಬೇಕಿತ್ತು. ಹಾಕಿದ ಮೇಲೆ 0 ಎರಡು ಸಲ ಆಗಿ ಉತ್ತರ 2 ಬರುತ್ತದೆ.

ಗಮನಿಸಬೇಕಾದದ್ದೇನೆಂದರೆ, ಉತ್ತರದಲ್ಲಿ ಒಂದು ಕಡಿಮೆ ಬಂತೆಂದು ಕೊನೆಗೆ ಒಂದನ್ನು ಕೂಡಿಸಿದ್ದರೂ ಈ ಉದಾಹರಣೆ ಪಾಸಾಗುತ್ತಿತ್ತು. ಒತ್ತಡದಲ್ಲಿ ಕೈ ತಾನಾಗಿ ಹೋಗುವುದು ಅಂಥ ತಿದ್ದುಪಡಿಗಳ ಕಡೆಗೇ. ಆದ್ದರಿಂದ ಯಾವ ಸಾಲಿನಲ್ಲಿ ಯಾವ ಬೆಲೆ ಏಕೆ ತಪ್ಪಾಯಿತು ಎಂದು ಬಾಯಲ್ಲಿ ಹೇಳಲು ಸಾಧ್ಯವಾಗುವ ತನಕ ಕೋಡನ್ನು ಮುಟ್ಟುವುದಿಲ್ಲ ಎಂಬ ನಿಯಮವನ್ನು ಹಾಕಿಕೊಳ್ಳಿ. ನಂತರ ಸಮಯವಿದ್ದಷ್ಟು ಖಾಲಿ ಇನ್‌ಪುಟ್, ಒಂದೇ ಅಂಶ, ಎಲ್ಲವೂ ಸಮಾನವಾದ ಅಂಶಗಳು ಈ ಮೂರನ್ನು ನೋಡಿದರೆ ಸಾಕು.

ಹಂತ 7: ಸಿಕ್ಕಿಕೊಂಡಾಗ

ಮೂರು ನಿಮಿಷ ಯಾವ ಹೊಸ ಯೋಚನೆಯೂ ಬಾರದಿದ್ದರೆ ಬಾಯಿ ತೆರೆಯಬೇಕು. ‘ಹಿಂಟ್ ಕೊಡಿ’ ಎನ್ನುವುದಕ್ಕಿಂತ, ಎಲ್ಲಿಗೆ ಬಂದು ನಿಂತಿದ್ದೀರಿ ಎಂಬುದನ್ನು ಹೇಳುವುದು ಉಪಯುಕ್ತ: ‘ಹಿಂದಿನ ಮೊತ್ತಗಳನ್ನು ಬೇಗ ಹುಡುಕುವ ವಿಧಾನ ಸಿಕ್ಕರೆ ಒಂದೇ ಲೂಪ್‌ನಲ್ಲಿ ಮುಗಿಯುತ್ತದೆ ಎನಿಸುತ್ತಿದೆ; ಸಾರ್ಟ್ ಮಾಡಿದರೆ ಕ್ರಮ ಕೆಡುತ್ತದೆ.’ ಇಷ್ಟು ಹೇಳಿದವರಿಗೆ ಸಂದರ್ಶಕರು ಕೊಡುವ ಸುಳಿವು ಚಿಕ್ಕದಾಗಿರುತ್ತದೆ, ಅದನ್ನು ಪಡೆದದ್ದಕ್ಕೆ ತೆರುವ ಬೆಲೆಯೂ ಕಡಿಮೆ. ಸಂದರ್ಶಕರು ತಾವಾಗಿಯೇ ‘ಈ ಸಾಲು ಸರಿಯಿದೆಯೇ?’ ಎಂದರೆ, ಬರೆಯುತ್ತಿರುವುದನ್ನು ಅಲ್ಲಿಗೇ ನಿಲ್ಲಿಸಿ ಆ ಸಾಲನ್ನು ನೋಡಿ. ಸುಮ್ಮನೆ ಮಾತು ಬೆಳೆಸಲು ಅವರು ಹಾಗೆ ಕೇಳುವುದು ಅಪರೂಪ.

ಸಂದರ್ಶಕರಿಲ್ಲದ ಆನ್‌ಲೈನ್ ಪರೀಕ್ಷೆ

ಹ್ಯಾಕರ್‌ರ‍್ಯಾಂಕ್, ಕೊಡಿಲಿಟಿಯಂಥ ವೇದಿಕೆಗಳಲ್ಲಿ ನಡೆಯುವ ಪರೀಕ್ಷೆಯ ಲೆಕ್ಕವೇ ಬೇರೆ. ಅಲ್ಲಿ ವಿವರಣೆಗೆ ಬೆಲೆಯಿಲ್ಲ, ಅಡಗಿಸಿಟ್ಟ ಟೆಸ್ಟ್ ಕೇಸ್‌ಗಳು ಪಾಸಾಗಬೇಕು. ಮೊದಲ ಐದು ನಿಮಿಷದಲ್ಲಿ ಎಲ್ಲ ಪ್ರಶ್ನೆಗಳನ್ನೂ ಓದಿ, ಸುಲಭವಾದುದರಿಂದ ಆರಂಭಿಸಿ. ಕೊಟ್ಟ ಕ್ರಮದಲ್ಲೇ ಹೋಗಿ ಎರಡನೆಯದರಲ್ಲಿ ಸಿಕ್ಕಿಬಿದ್ದು, ನಾಲ್ಕನೆಯದು ಸುಲಭವಿತ್ತೆಂದು ಆಮೇಲೆ ತಿಳಿಯುವುದು ತೀರ ಸಾಮಾನ್ಯ. ಪಾಸಾದ ಟೆಸ್ಟ್ ಕೇಸ್‌ಗಳಷ್ಟಕ್ಕೆ ಅಂಕ ಸಿಗುವ ವ್ಯವಸ್ಥೆಯಿದ್ದರೆ ಪ್ರತಿ ಪ್ರಶ್ನೆಗೂ ನೇರ ಪರಿಹಾರವನ್ನಾದರೂ ಸಲ್ಲಿಸಿಡಿ. ವಿಫಲವಾದ ಕೇಸ್ ಏನು ಹೇಳುತ್ತಿದೆ ಎಂಬುದನ್ನೂ ಬೇರ್ಪಡಿಸಿ ನೋಡಬೇಕು: ತಪ್ಪು ಉತ್ತರ ಎಂದು ಬಂದರೆ ಎಡ್ಜ್ ಕೇಸ್ (ಖಾಲಿ ಇನ್‌ಪುಟ್‌ನಂಥ ಅಂಚಿನ ಸಂದರ್ಭ) ಹುಡುಕಬೇಕು, ಸಮಯ ಮೀರಿತು ಎಂದು ಬಂದರೆ ಸಣ್ಣಪುಟ್ಟ ತಿದ್ದುಪಡಿಗಳಿಂದ ಪ್ರಯೋಜನವಿಲ್ಲ, ಹಂತ 3ರ ಲೆಕ್ಕಕ್ಕೆ ಹಿಂತಿರುಗಬೇಕು.

ಅಭ್ಯಾಸ ಮಾಡುವ ಬಗೆ

ಹೊಸ ವಿಷಯವನ್ನು ಕಲಿಯುವಾಗ ಟೈಮರ್ ಇಡಬೇಡಿ. ಒಂದು ಬಗೆಯ ಪ್ರಶ್ನೆ ಕೈಗೆ ಹತ್ತಿದ ಮೇಲೆ, ನೋಡಿರದ ಪ್ರಶ್ನೆಗಳನ್ನು 35 ನಿಮಿಷದ ಟೈಮರ್‌ನೊಂದಿಗೆ, ಆಟೋ ಕಂಪ್ಲೀಟ್ ಇಲ್ಲದ ಎಡಿಟರ್‌ನಲ್ಲಿ, ಗಟ್ಟಿಯಾಗಿ ಮಾತಾಡುತ್ತ ಬಿಡಿಸಿ. ವಾರಕ್ಕೊಮ್ಮೆಯಾದರೂ ಇನ್ನೊಬ್ಬರ ಎದುರಿಗೆ ಮಾಕ್ ಇಂಟರ್‌ವ್ಯೂ ಮಾಡಬೇಕು. ನೋಡುವವರು ಪ್ರೋಗ್ರಾಮರ್ ಆಗಿರದಿದ್ದರೂ ಪರವಾಗಿಲ್ಲ, ಯಾರೋ ನೋಡುತ್ತಿದ್ದಾರೆಂಬ ಇರಿಸುಮುರಿಸು ಅಭ್ಯಾಸವಾಗಬೇಕು.

ಪ್ರತಿ ಪ್ರಶ್ನೆಯ ನಂತರ ಎಷ್ಟನೆಯ ನಿಮಿಷಕ್ಕೆ ಕೋಡ್ ಆರಂಭವಾಯಿತು, ಎಷ್ಟಕ್ಕೆ ಮುಗಿಯಿತು, ಬಗ್ ಹುಡುಕಲು ಎಷ್ಟು ಹೋಯಿತು ಎಂಬ ಮೂರು ಅಂಕಿಗಳನ್ನು ಬರೆದಿಡಿ. ಕೆಲವು ವಾರಗಳ ದಾಖಲೆಯನ್ನು ಒಟ್ಟಿಗೆ ನೋಡಿದಾಗ ನಿಮ್ಮ ಸಮಯ ಎಲ್ಲಿ ಸೋರುತ್ತಿದೆ ಎಂಬುದು ಕಾಣುತ್ತದೆ. ಕೋಡ್ ಆರಂಭವಾಗುವುದೇ ತಡವಾಗುತ್ತಿದ್ದರೆ ಇನ್ನಷ್ಟು ಬಗೆಯ ಪ್ರಶ್ನೆಗಳ ಪರಿಚಯ ಬೇಕು, ಬರೆಯುವುದು ತಡವಾಗುತ್ತಿದ್ದರೆ ಭಾಷೆಯ ಲೈಬ್ರರಿಯ ಮೇಲೆ ಹಿಡಿತ ಬೇಕು, ಬಗ್‌ಗಳೇ ಹೊತ್ತು ತಿನ್ನುತ್ತಿದ್ದರೆ ಡ್ರೈ ರನ್ನಿನ ಅಭ್ಯಾಸ ಬೇಕು.

ಸಮಯ ಮುಗಿಯುತ್ತ ಬಂದಾಗ

ಕೊನೆಯ ಮೂರು ನಿಮಿಷ ಉಳಿದಿದ್ದು ಕೋಡ್ ಅರ್ಧದಲ್ಲಿದ್ದರೆ, ಟೈಪ್ ಮಾಡುವುದನ್ನು ನಿಲ್ಲಿಸಿ. ಉಳಿದ ಭಾಗ ಏನು ಮಾಡಬೇಕೆಂಬುದನ್ನು ಎರಡು ಮೂರು ಕಾಮೆಂಟ್ ಸಾಲುಗಳಲ್ಲಿ ಬರೆದು, ಪೂರ್ತಿಗೊಂಡರೆ ಅದಕ್ಕೆ ಬೇಕಾಗುವ ಸಮಯ ಮತ್ತು ಮೆಮೊರಿ ಎಷ್ಟೆಂದು ಹೇಳಿ, ನಿಮಗೆ ಈಗಾಗಲೇ ಅನುಮಾನವಿರುವ ಎಡ್ಜ್ ಕೇಸ್ ಯಾವುದೆಂಬುದನ್ನೂ ನೀವೇ ತಿಳಿಸಿ. ಅವಸರದಲ್ಲಿ ಸೇರಿಸಿದ ಅರೆಬರೆ ಸಾಲುಗಳಿಂದ ಕಂಪೈಲ್ ಆಗದ ಕೋಡ್ ಉಳಿಯುತ್ತದೆ. ಕಾಮೆಂಟ್‌ಗಳಿದ್ದರೆ, ಸಂದರ್ಶಕರು ಆಮೇಲೆ ವರದಿ ಬರೆಯುವಾಗ ನಿಮ್ಮ ಪರಿಹಾರ ಎಲ್ಲಿಗೆ ತಲುಪಲಿತ್ತು ಎಂಬುದನ್ನು ಪರದೆಯಿಂದಲೇ ಓದಿಕೊಳ್ಳುತ್ತಾರೆ.